ವೃತ್ತ ಗಾಳವೂ ಹುಸಿನೊಣವೂ

ಹಿಡಿದ ಮೀನನ್ನು ಜೀವಂತವಾಗಿ ನೀರಿಗೆ ಮರಳಿಸುವುದು ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಹವ್ಯಾಸಿ ಗಾಳಗಾರರಲ್ಲಿ ಈಗ ರೂಢಿಯಾಗಿದೆ. ಆದರೆ ಬಿಟ್ಟ ಮೀನೆಲ್ಲವೂ ಬದುಕುವುದಿಲ್ಲ. ಸ್ಟ್ರೈಪ್ಡ್ ಬಾಸ್ ಎಂಬ ಮೀನಿನ ವಿಷಯದಲ್ಲಿ, ಹೀಗೆ ಬಿಟ್ಟವುಗಳಲ್ಲಿ ಶೇಕಡ ೯ರಷ್ಟು ಸಾಯುವುವೆಂದು ಅಲ್ಲಿಯ ರಾಜ್ಯಗಳ ಸಾಗರ ಮೀನುಗಾರಿಕಾ ಆಯೋಗವು ಲೆಕ್ಕ ಹಿಡಿಯುತ್ತ ಬಂದಿದೆ. ಗಾಳವು ಗಂಟಲಿಗೋ ಕಿವಿರಿಗೋ ನಾಟಿದ್ದರೆ ಬಿಡುಗಡೆಯೆಂಬುದು ಹೆಸರಿಗೆ ಮಾತ್ರ.

ಇದಕ್ಕೆ ಪರಿಹಾರವೆಂದು ಬಳಕೆಗೆ ಬಂದುದು ವೃತ್ತ ಗಾಳ. ಸಾಮಾನ್ಯ ಗಾಳದ ಮೊನೆಯು ಅದರ ಕಾಂಡಕ್ಕೆ ಸಮಾಂತರವಾಗಿ ನಿಂತಿರುತ್ತದೆ. ವೃತ್ತ ಗಾಳದ ಮೊನೆಯಾದರೋ ಒಳಕ್ಕೆ ಬಾಗಿ ಕಾಂಡದ ಕಡೆಗೇ ಮುಖಮಾಡಿರುತ್ತದೆ. ಎರೆಯನ್ನು ನುಂಗಿದ ಮೀನು ದೂರ ಸರಿದಾಗ ದಾರ ಬಿಗಿಯುತ್ತದೆ. ಆಗ ಗಾಳವು ಗಂಟಲನ್ನು ಚುಚ್ಚದೆ ಜಾರಿಬಂದು, ದವಡೆಯ ಮೂಲೆಯಲ್ಲಿ ಹೊರಳಿ ನಾಟುತ್ತದೆ. ಇದು ಹೊಸ ಶೋಧವೇನೂ ಅಲ್ಲ. ಪೆಸಿಫಿಕ್ ದ್ವೀಪವಾಸಿಗಳು ಎಲುಬು, ಚಿಪ್ಪುಗಳಿಂದ ಇಂತಹ ಗಾಳಗಳನ್ನು ಶತಮಾನಗಳ ಹಿಂದೆಯೇ ಮಾಡುತ್ತಿದ್ದರು. ಕಾನೂನು ಎಚ್ಚತ್ತುದು ತಡವಾಗಿ: ಅಟ್ಲಾಂಟಿಕ್ ಸಾಗರದ ಮಾರ್ಲಿನ್ ಮೊದಲಾದ ಮೀನುಗಳ ಸ್ಪರ್ಧೆಗಳಲ್ಲಿ ನೈಸರ್ಗಿಕ ಎರೆಗೆ ೨೦೦೮ರಿಂದ, ಎರೆಯಿಟ್ಟು ಸ್ಟ್ರೈಪ್ಡ್ ಬಾಸ್ ಹಿಡಿಯುವ ಹವ್ಯಾಸಿಗಳಿಗೆ ೨೦೨೧ರಿಂದ ಇದು ಕಡ್ಡಾಯವಾಯಿತು.

ಎರೆಗೆ ಹಿತವಾದುದು ಹುಸಿನೊಣಕ್ಕೂ ಹಿತವೇ? (ಕಡಲಿನಲ್ಲಿ ಈ 'ಫ್ಲೈ' ಹೋಲುವುದು ಸಣ್ಣ ಮೀನನ್ನು ಅಥವಾ ಸಿಗಡಿಯನ್ನು, ನೊಣವೆಂಬ ಹೆಸರು ಸಿಹಿನೀರಿನಿಂದ ಅಂಟಿಬಂದುದು.) ಮೇಲಿನ ಎರಡು ನಿಯಮಗಳೂ ಹುಸಿನೊಣವನ್ನು ಹೊರತುಪಡಿಸಿವೆ, ಮತ್ತು ಅದು ಯುಕ್ತವೆಂದೇ ನನ್ನ ಅಭಿಪ್ರಾಯ. ಗಾಳಗಾರನು ದಾರವನ್ನು ಎಳೆಯೆಳೆದು ನೊಣವನ್ನು ಓಡಿಸುತ್ತಿರುತ್ತಾನೆ. ಕಚ್ಚಿದ ಮೀನಿಗೆ ಮಾಂಸದ ರುಚಿ ಸಿಗದು, ಕ್ಷಣದಲ್ಲೇ ಉಗುಳಲೆಳಸುತ್ತದೆ. ನುಂಗುವುದಕ್ಕೆ ಅವಕಾಶವೆಲ್ಲಿ? ಆದರೆ ನೊಣವನ್ನು ಪ್ರವಾಹದೊಡನೆ ಸುಮ್ಮನೆ ತೇಲಬಿಟ್ಟಾಗ ಸ್ಥಿತಿ ಬೇರೆ. ಆಗ ಮೀನು ಅದನ್ನು ಆಳಕ್ಕೆ ಸೆಳೆದುಕೊಳ್ಳಬಹುದು. ಅಲ್ಲಿ ವೃತ್ತ ಗಾಳವನ್ನೇ ಆರಿಸಬೇಕು.

ಆರಿಸಿದ ಮೇಲೆ ಕಟ್ಟುವ ಕ್ರಮವೂ ಬದಲಾಗಬೇಕು. ಜಿಂಕೆಯ ಬಾಲದ ಕೂದಲನ್ನು ದಟ್ಟವಾಗಿ ಸುತ್ತಿದರೆ, ಮೊದಲೇ ಕಿರಿದಾದ ಮೊನೆ-ಕಾಂಡಗಳ ನಡುವಣ ತೆರಪು ತುಂಬಿಹೋಗಿ, ದವಡೆಯಂಚಿಗೆ ಒಳಹೊಗಲು ಎಡೆಯೇ ಉಳಿಯುವುದಿಲ್ಲ. ಆದುದರಿಂದ ಕೂದಲು ವಿರಳವಾಗಿರಲಿ, ಗಾಳದ ಕಣ್ಣಿನ ಸಮೀಪದಲ್ಲಿರಲಿ. ಮೊನೆ ಪಕ್ಕಕ್ಕೆ ಓರೆಯಾಗಿರುವ ಮಾದರಿಗಳು ಗಂಟಲಿಗೆ ನಾಟುವ ಸಂಭವ ಹೆಚ್ಚು, ಅವು ಬೇಡ.

ಎಲ್ಲಕ್ಕಿಂತ ಕಷ್ಟವಾದುದು ಕೈಯ ಅಭ್ಯಾಸ. ಮೀನು ಕಚ್ಚಿದೊಡನೆ ದಾರವನ್ನು ಜಗ್ಗುವುದು ಗಾಳಗಾರನಿಗೆ ರಕ್ತಗತ. ವೃತ್ತ ಗಾಳವನ್ನು ಹಾಗೆ ಜಗ್ಗಿದರೆ ಅದು ಹೊರಳುವ ಮೊದಲೇ ಬಾಯಿಂದ ಹೊರಬರುತ್ತದೆ. ದೋಷವನ್ನು ಮಾತ್ರ ಗಾಳದ ಮೇಲೆ ಹೊರಿಸಲಾಗುತ್ತದೆ! ದಾರವನ್ನು ಬಿಗಿಹಿಡಿದು ಮೀನು ತಿರುಗುವವರೆಗೆ ಕಾಯಬೇಕು. ಅಷ್ಟು ತಾಳ್ಮೆಯಿಲ್ಲದವರು ಸಾಮಾನ್ಯ ಗಾಳವನ್ನೇ ಬಳಸಲಿ. ಆದರೆ ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆಮಾಡಲಿ. ಅರೆನಿಮಿಷದ ಕೆಲಸವದು, ಗಾಳ ಬಿಡಿಸುವಾಗ ಮೀನು ನೀರಿನ ಹೊರಗೆ ಕಳೆಯುವ ಹೊತ್ತು ಅದರಿಂದ ಕಡಿಮೆಯಾಗುತ್ತದೆ.