ಚಿತ್ರದ ಲಿಂಕ್ ಚಿಕ್ಕದಾಗಲಿ, ಊರಿನ ಹೆಸರು ಕನ್ನಡದಲ್ಲೇ ಇರಲಿ



ಗೂಗಲ್ ಸಂಸ್ಥೆಯ ‘ಗೂ ಡಾಟ್ ಜಿಎಲ್’ ಎಂಬ ಕಿರು ಲಿಂಕ್ ಸೇವೆ 2009ರಲ್ಲಿ ಶುರುವಾಗಿ 2019ರಲ್ಲಿ ಹೊಸ ಲಿಂಕ್ ಕೊಡುವುದನ್ನು ನಿಲ್ಲಿಸಿತ್ತು. ಹಳೆಯ ಲಿಂಕ್‌ಗಳೂ 2025ರ ಆಗಸ್ಟ್ 25ರ ನಂತರ ತೆರೆಯುವುದಿಲ್ಲವೆಂದು ಸಂಸ್ಥೆ ಮೊದಲು ಹೇಳಿತು. ಆಮೇಲೆ ಸ್ವಲ್ಪ ಸಡಿಲಿಸಿ, 2024ರ ಕೊನೆಯ ತಿಂಗಳುಗಳಲ್ಲಿ ಯಾರೂ ಒತ್ತದೆ ಬಿದ್ದಿದ್ದ ಲಿಂಕ್‌ಗಳನ್ನು ಮಾತ್ರ ಮುಚ್ಚುವುದೆಂದು ತೀರ್ಮಾನಿಸಿತು. ನಮ್ಮಂಥ ಸಂಘಗಳ ಲಿಂಕ್‌ಗಳು ಯಾವ ಗುಂಪಿಗೆ ಸೇರುತ್ತವೆಂದು ಬೇರೆ ಹೇಳಬೇಕಿಲ್ಲ. ಏಳೆಂಟು ವರ್ಷದ ಹಿಂದಿನ ರಾಜ್ಯೋತ್ಸವದ ಫೋಟೊವನ್ನು ದಿನಾ ಯಾರು ನೋಡುತ್ತಾರೆ? ನೋಡಬೇಕೆನಿಸಿದ ದಿನ ಅದು ಸಿಗಬೇಕು, ಅಷ್ಟೆ.

ಸಂದೇಶಗಳ ಕೊನೆಯಲ್ಲಿ ನಾವು ಹಾಕುವ ಸಹಿಯ ಸಾಲುಗಳಿಗೂ ಈ ಸುದ್ದಿಗೂ ನೇರ ಸಂಬಂಧವಿದೆ. ಹೆಸರು, ಘಟಕ, ಊರು, ಕೆಳಗೆ ಸಂಘದ ಲಾಂಛನದ ಅಥವಾ ಆಮಂತ್ರಣ ಪತ್ರಿಕೆಯ ಚಿತ್ರಕ್ಕೆ ಒಂದು ಲಿಂಕ್, ಇದು ನಮ್ಮ ರೂಢಿ. ಆ ಜಾಗಕ್ಕೆ ಅಕ್ಷರದ ಮಿತಿ ಇದೆ. ಲಿಂಕ್ ಉದ್ದವಾದರೆ ಬೇರೇನನ್ನಾದರೂ ಕಡಿಯಬೇಕು. ಕಡಿಯುವುದು ಯಾವುದನ್ನು? ಕೆಲವು ಘಟಕಗಳಿಂದ ಈಚೆಗೆ ಬಂದ ಸಂದೇಶಗಳಲ್ಲಿ ಊರಿನ ಹೆಸರು, ಸಂಘದ ಹೆಸರು ಎರಡೂ ಇಂಗ್ಲಿಷ್ ಅಕ್ಷರದಲ್ಲಿದ್ದವು. ಕೇಳಿದರೆ ‘ಕನ್ನಡದಲ್ಲಿ ಹಾಕಿದರೆ ಹಿಡಿಯೋದಿಲ್ಲ ಸಾರ್’ ಎಂಬ ಉತ್ತರ. ಅವರು ಹೇಳುವುದು ಸುಳ್ಳಲ್ಲ.

ಎಸ್ಸೆಮ್ಮೆಸ್ಸಿನ ಲೆಕ್ಕ ನೋಡಿ. ಇಂಗ್ಲಿಷಿನಲ್ಲಿ ಬರೆದರೆ ಒಂದು ಸಂದೇಶಕ್ಕೆ 160 ಅಕ್ಷರ. ಅದರೊಳಗೆ ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ. ಒಂದಕ್ಕಿಂತ ಹೆಚ್ಚು ತುಂಡಾದರೆ ತುಂಡಿಗೆ 67 ಮಾತ್ರ. ಈ 70 ಕೂಡ ನಾವು ಕಣ್ಣಿನಲ್ಲಿ ಎಣಿಸುವ ಅಕ್ಷರವಲ್ಲ. ‘ಶ್ರೀ’ ನಮಗೆ ಒಂದಕ್ಷರ, ಯಂತ್ರಕ್ಕೆ ನಾಲ್ಕು: ಶಕಾರ, ಒತ್ತಿನ ಗುರುತು, ರಕಾರ, ದೀರ್ಘದ ಗುಡಿಸು. ‘ನವೆಂಬರ್ 1 ಸಂಜೆ 5ಕ್ಕೆ ಸಂಘದ ಕಚೇರಿಯಲ್ಲಿ ಸಭೆ’ ಎಂಬಷ್ಟಕ್ಕೇ 40 ಸ್ಥಾನ ಹೋಗುತ್ತದೆ. ಉಳಿದ 30ರಲ್ಲಿ ಹೆಸರು, ಊರು, ಲಿಂಕ್ ಎಲ್ಲ ಬರಬೇಕು.

ಕನ್ನಡಕ್ಕೆ ಈ ಇಕ್ಕಟ್ಟು ತಪ್ಪದ ಹಣೆಬರಹವೇನೂ ಅಲ್ಲ. ಮೊಬೈಲ್ ಸಂದೇಶಗಳ ಅಂತರರಾಷ್ಟ್ರೀಯ ಮಾನದಂಡದಲ್ಲಿ ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಿಗೆ ಪ್ರತ್ಯೇಕ ಅಕ್ಷರ ಕೋಷ್ಟಕಗಳಿವೆ. ಅವನ್ನು ಬಳಸಿದರೆ ಒಂದು ಸಂದೇಶದಲ್ಲಿ 150ಕ್ಕೂ ಹೆಚ್ಚು ಹಿಡಿಯುತ್ತದೆ. ಕಾಗದದ ಮೇಲಿರುವ ಆ ಸೌಲಭ್ಯ ನಮ್ಮ ಕೈಯಲ್ಲಿರುವ ಫೋನ್‌ಗಳ ತನಕ ಬಂದಂತೆ ಕಾಣುವುದಿಲ್ಲ.

ಇನ್ನು ಚಿತ್ರದ ಲಿಂಕ್. ಅಂತರಜಾಲದ ವಿಳಾಸ ಒಳಗೊಳಗೆ ಸಂಚರಿಸುವುದು ಹಳೆಯ ಇಂಗ್ಲಿಷ್ ಅಕ್ಷರಮಾಲೆಯಲ್ಲಿ. ಫೈಲ್ ಹೆಸರಿನಲ್ಲಿ ಕನ್ನಡವಿದ್ದರೆ ಅದರ ಒಂದೊಂದು ಗುರುತೂ ಮೂರು ಬೈಟ್ ಆಗುತ್ತದೆ, ಒಂದೊಂದು ಬೈಟ್ ಶೇಕಡಾ ಚಿಹ್ನೆ ಸೇರಿ ಮೂರು ಸ್ಥಾನ ಹಿಡಿಯುತ್ತದೆ. ಅಂದರೆ ಗುರುತೊಂದಕ್ಕೆ ಒಂಬತ್ತು. ‘ಶ್ರೀ’ ಒಂದಕ್ಕೇ 36 ಆಯಿತು. ತಾಳವಾಡಿ 63, ಕಾಸರಗೋಡು 72, ಸೊಲ್ಲಾಪುರ 81. ‘ಕಾಸರಗೋಡು ರಾಜ್ಯೋತ್ಸವ’ ಎಂದು ಫೋಟೊಕ್ಕೆ ಹೆಸರಿಟ್ಟು ಲಿಂಕ್ ನಕಲು ಮಾಡಿದರೆ ಆ ಎರಡು ಪದಗಳಿಗೇ 165 ಸ್ಥಾನ, ನಡುವಿನ ಖಾಲಿ ಜಾಗಕ್ಕೂ ಮೂರು ಸೇರಿ. ಕೊನೆಯ ‘ಡಾಟ್ ಜೆಪಿಜಿ’ ಕೂಡಿದರೆ 169. ಜಾಲತಾಣದ ವಿಳಾಸ ಇನ್ನೂ ಲೆಕ್ಕಕ್ಕೆ ಬಂದಿಲ್ಲ, ಆಗಲೇ ಇಂಗ್ಲಿಷಿನ ಒಂದು ಪೂರ್ತಿ ಸಂದೇಶ ದಾಟಿತು.

ಆಗ ನೆನಪಾಗುವುದು ಪುಕ್ಕಟೆ ಕಿರು ಲಿಂಕ್. ಅದರ ಆಯುಷ್ಯದ ಕಥೆ ಮೇಲೆ ಹೇಳಿದ್ದೇನೆ. ಇನ್ನೊಂದು ತೊಂದರೆ ನಂಬಿಕೆಯದು. ಕಿರು ಲಿಂಕ್ ಎಲ್ಲಿಗೆ ಒಯ್ಯುತ್ತದೆಂದು ಒತ್ತುವ ತನಕ ತಿಳಿಯದು. ಅಪರಿಚಿತ ಲಿಂಕ್ ಒತ್ತಬೇಡಿರೆಂದು ಬ್ಯಾಂಕಿನವರೂ ಪೊಲೀಸರೂ ಹೇಳುತ್ತಲೇ ಇದ್ದಾರೆ, ನಮ್ಮ ಹಿರಿಯ ಸದಸ್ಯರು ಅದನ್ನು ಪಾಲಿಸುತ್ತಿರುವುದು ಒಳ್ಳೆಯದೇ. ಟ್ರಾಯ್ ಕೂಡ 2024ರ ಅಕ್ಟೋಬರ್ 1ರಿಂದ ಬಿಗಿ ಮಾಡಿದೆ. ನೋಂದಾಯಿತ ಹೆಸರಿನಿಂದ ಸಾಮೂಹಿಕ ಸಂದೇಶ ಕಳಿಸುವವರು ತಮ್ಮ ಲಿಂಕನ್ನು ಮೊದಲೇ ಅನುಮತಿ ಪಟ್ಟಿಗೆ ಸೇರಿಸಿರಬೇಕು, ಇಲ್ಲದಿದ್ದರೆ ಸಂದೇಶ ಹೋಗುವುದೇ ಇಲ್ಲ. ನಾವು ಒಬ್ಬರಿಗೊಬ್ಬರು ಕಳಿಸುವ ಸಂದೇಶಕ್ಕೆ ಈ ನಿಯಮ ತಗಲುವುದಿಲ್ಲ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ತಿಳಿಯಬಹುದು.

ಆದ್ದರಿಂದ ಎಲ್ಲ ಘಟಕಗಳಲ್ಲಿ ನನ್ನ ಕೋರಿಕೆ: ಚಿತ್ರಗಳು ಸಂಘದ ಸ್ವಂತ ಜಾಲತಾಣದಲ್ಲೇ ಇರಲಿ, ಫೈಲ್ ಹೆಸರು ಇಂಗ್ಲಿಷಿನ ಸಣ್ಣಕ್ಷರ ಮತ್ತು ಅಂಕೆಯಲ್ಲಿ ಗಿಡ್ಡಕ್ಕಿರಲಿ, ಖಾಲಿ ಜಾಗ ಬೇಡ. ಊರಿನ ಗುರುತಿಗೆ ರೈಲ್ವೆಯವರು ಸ್ಟೇಷನ್‌ಗಳಿಗೆ ಇಟ್ಟಿರುವ ಸಂಕೇತವನ್ನೇ ತೆಗೆದುಕೊಳ್ಳೋಣ. ಕಾಸರಗೋಡಿಗೆ ‘ಕೆಜಿಕ್ಯೂ’, ಸೊಲ್ಲಾಪುರಕ್ಕೆ ‘ಎಸ್‌ಯುಆರ್’, ಆದವಾನಿಗೆ ‘ಎಡಿ’. ಟಿಕೆಟ್ ಮಾಡಿಸಿದವರಿಗೆಲ್ಲ ಇವು ಪರಿಚಿತ. ಮುಂದೆ ಇಸವಿಯ ಕೊನೆಯ ಎರಡು ಅಂಕೆ, ಎರಡಂಕಿಯ ಕ್ರಮಸಂಖ್ಯೆ. ಕಾಸರಗೋಡಿನ ಫೋಟೊ ‘ಕೆಜಿಕ್ಯೂ2501’ ಎಂದಾದರೆ ಡಾಟ್ ಜೆಪಿಜಿ ಸೇರಿ 11 ಸ್ಥಾನ. 169 ಎಲ್ಲಿ, 11 ಎಲ್ಲಿ! ರೈಲೇ ಇಲ್ಲದ ತಾಳವಾಡಿ, ವಯನಾಡಿನವರು ಮೂರಕ್ಷರ ತಾವೇ ಆರಿಸಿ ತಿಳಿಸಿದರಾಯಿತು. ವಾಟ್ಸಾಪ್ ತಾನಾಗಿ ಇಡುವ ಹೆಸರನ್ನು ಹಾಗೇ ಬಿಡಬೇಡಿ, ಅದೇ 23 ಸ್ಥಾನ ತಿನ್ನುತ್ತದೆ. ಫೇಸ್‌ಬುಕ್ಕಿನಲ್ಲಿರುವ ಚಿತ್ರದ ನೇರ ಲಿಂಕನ್ನಂತೂ ಸಹಿಗೆ ಹಾಕಲೇಬೇಡಿ. ಅದು ಬಹಳ ಉದ್ದ, ಮೇಲಾಗಿ ಕೆಲವು ದಿನಗಳಲ್ಲಿ ಸತ್ತುಹೋಗುತ್ತದೆ.

‘ಕನ್ನಡ ಸಂಘದವರೇ ಫೋಟೊಗಳಿಗೆ ಇಂಗ್ಲಿಷ್ ಹೆಸರಿಡಿ ಅನ್ನುತ್ತೀರಾ?’ ಎಂದು ಅಕ್ಕಲಕೋಟೆ ಕಡೆಯ ಹಿರಿಯರೊಬ್ಬರು ಫೋನಿನಲ್ಲಿ ಗದರಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕಚೇರಿಯಲ್ಲಿ ಕಡತದ ಮೇಲೆ ಸಂಖ್ಯೆ ಇರುತ್ತಿತ್ತು, ವಿಷಯವನ್ನು ಅದರ ಕೆಳಗೆ ಪೂರ್ತಿ ವಾಕ್ಯದಲ್ಲಿ ಬರೆಯುತ್ತಿದ್ದೆವು. ಸಂಖ್ಯೆ ಗುಮಾಸ್ತನಿಗೆ, ವಿಷಯ ಓದುವವರಿಗೆ. ಫೈಲ್ ಹೆಸರೂ ಅಂಥದೇ ಸಂಖ್ಯೆ. ಅದು ಗಿಡ್ಡವಾದರೆ ಉಳಿದ ಜಾಗವೆಲ್ಲ ಕನ್ನಡಕ್ಕೆ ಸಿಗುತ್ತದೆ: ಊರಿನ ಹೆಸರು, ಸಂಘದ ಹೆಸರು, ಚಿತ್ರದ ಕೆಳಗಿನ ವಿವರಣೆ. ಅಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಕ್ಕೆ ಇಳಿಯಬೇಡಿ. ಎರಡು ತುಂಡಿನ ಸಂದೇಶದಲ್ಲಿ 134 ಸ್ಥಾನವಿದೆ. ಗಿಡ್ಡ ಲಿಂಕ್ ಇದ್ದರೆ ಸಭೆಯ ವಿಷಯವೂ ಸಹಿಯೂ ಕನ್ನಡದಲ್ಲೇ ಅದರೊಳಗೆ ಬರುತ್ತವೆ.

ನಮ್ಮ ಕೈಯಲ್ಲಿ ಆಗುವುದು ಇಷ್ಟು. ಆಗದ್ದೂ ಇದೆ, ಅದೇ ಹೆಚ್ಚು ಗಂಭೀರ. ಸಂವಿಧಾನದ 350ನೇ ವಿಧಿಯ ಪ್ರಕಾರ ಯಾರೇ ಆದರೂ ತಮ್ಮ ಅಹವಾಲನ್ನು ಒಕ್ಕೂಟದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಜತ್ತದ ರೈತನಾಗಲಿ ಮಡಕಶಿರಾದ ಪಾಲಕರಾಗಲಿ ಕನ್ನಡದಲ್ಲಿ ಬರೆದು ಕೊಡುವುದಕ್ಕೆ ಹಕ್ಕಿದೆ. ಕಾಗದದ ಅರ್ಜಿಗೆ ಅಳತೆ ಇರಲಿಲ್ಲ. ಈಗಿನ ಅರ್ಜಿ ಪರದೆಯ ಮೇಲಿನ ಒಂದು ಚೌಕ. ಆ ಚೌಕದ ಮಿತಿಯನ್ನು ಬೈಟಿನಲ್ಲಿ ಎಣಿಸಿದರೆ ಇಂಗ್ಲಿಷಿನಲ್ಲಿ ಬರೆಯುವವನಿಗೆ ಸಿಗುವುದರ ಮೂರನೇ ಒಂದು ಪಾಲು ಮಾತ್ರ ಕನ್ನಡಿಗನಿಗೆ ಸಿಗುತ್ತದೆ. ಯಾರೂ ಬೇಕೆಂದು ಮಾಡಿದ್ದಲ್ಲ, ಆದರೆ ಅನ್ಯಾಯ ಅನ್ಯಾಯವೇ. ಸರಿಪಡಿಸಲು ಆಗದ ಕೆಲಸವೂ ಅಲ್ಲ. ಎಕ್ಸ್ ತಾಣದಲ್ಲಿ ಲಿಂಕ್ ಎಷ್ಟೇ ಉದ್ದವಿರಲಿ 23 ಎಂದೇ ಲೆಕ್ಕ, ಕನ್ನಡದ ಗುರುತೊಂದಕ್ಕೆ ಒಂದೇ ಸ್ಥಾನ.

ನಿಮ್ಮ ರಾಜ್ಯದ ಯಾವ ಸರಕಾರಿ ನಮೂನೆಯಲ್ಲಿ ಕನ್ನಡ ಅರ್ಧಕ್ಕೆ ನಿಂತಿತು, ಎಷ್ಟು ಅಕ್ಷರಕ್ಕೆ ನಿಂತಿತು ಎಂಬುದನ್ನು ಪರದೆಯ ಚಿತ್ರ ಸಮೇತ ನಿಮ್ಮ ಘಟಕದ ಕಾರ್ಯದರ್ಶಿಗೆ ಕೊಡಿ. ಎಲ್ಲ ಘಟಕಗಳಿಂದ ಬಂದದ್ದನ್ನು ಕೂಡಿಸಿ ಒಂದೇ ಮನವಿ ತಯಾರಿಸಿ, ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಸಲ್ಲಿಸುವ ಯೋಚನೆ ಇದೆ. ಚಿತ್ರಗಳಿಗೆ ಮೇಲಿನ ಕ್ರಮದಲ್ಲೇ ಹೆಸರಿಟ್ಟು ಕಳಿಸಿದರೆ ಜೋಡಿಸುವವರಿಗೆ ಅನುಕೂಲ.

ಕಾರ್ಯದರ್ಶಿ