ಮುಪ್ಪಿನ ಮನೆಗೆ ಜಂಗಮ ಬರುವುದು ಯಾವಾಗ?



ಧರ್ಮಸ್ಥಳಕ್ಕೆ ಬರುವ ಯಾತ್ರಿಕರಲ್ಲಿ ನಮ್ಮ ಬಯಲುಸೀಮೆಯ ಲಿಂಗಾಯತರು ಕಡಿಮೆಯೇನಿಲ್ಲ. ಬಸ್ಸಿನಲ್ಲಿ, ಕ್ರೂಸರ್‌ನಲ್ಲಿ ಬಂದು, ನೇತ್ರಾವತಿಯಲ್ಲಿ ಮಿಂದು, ಪ್ರಸಾದ ಸ್ವೀಕರಿಸಿ ಹೋಗುತ್ತಾರೆ. ಈ ಕ್ಷೇತ್ರಕ್ಕೆ ಚತುರ್ವಿಧ ದಾನದ ಹೆಸರಿದೆ: ಅನ್ನ, ಔಷಧ, ವಿದ್ಯೆ, ಅಭಯ. ಇಷ್ಟಲಿಂಗ ಧರಿಸಿದವರಿಗೆ ಸ್ಥಾವರ ಪೂಜೆ ಬೇಕೇ ಎಂಬ ಚರ್ಚೆ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ, ಅದನ್ನು ಇಂದು ಬದಿಗಿಡುತ್ತೇನೆ. ನನ್ನ ತಕರಾರು ಆ ನಾಲ್ಕನೆಯ ದಾನದ ಬಗ್ಗೆ, ಮತ್ತು ಅದು ನಮ್ಮ ಮಠಗಳ ಮೇಲೆ.

ನಮ್ಮ ಮಠಗಳು ಮೊದಲ ಮೂರನ್ನು ಚೆನ್ನಾಗಿಯೇ ಮಾಡಿವೆ. ಸಿದ್ಧಗಂಗೆಯ ದಾಸೋಹವನ್ನು ನಾಡೇ ಕೊಂಡಾಡುತ್ತದೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆ, 1954ರಲ್ಲಿ ಸುತ್ತೂರು ಮಠದಿಂದ ಮೂಡಿಬಂದ ಜೆ.ಎಸ್.ಎಸ್. ಮಹಾವಿದ್ಯಾಪೀಠ, ಇವುಗಳ ಶಾಲೆ, ಕಾಲೇಜು, ಆಸ್ಪತ್ರೆಗಳಿಂದ ಲಕ್ಷಾಂತರ ಜನ ಬದುಕು ಕಂಡಿದ್ದಾರೆ. ಆದರೆ ನಾಲ್ಕನೆಯದು? ಎಂಬತ್ತು ದಾಟಿದ ಮುದುಕಿಯೊಬ್ಬಳು ರಾತ್ರಿ ಒಬ್ಬಳೇ ಮಲಗಿ, ಬಚ್ಚಲಿಗೆ ಹೋಗಲು ಎದ್ದರೆ ಬಿದ್ದೇನೆಂದು ಹೆದರಿ, ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾಳಲ್ಲ, ಅವಳಿಗೆ ಅಭಯ ಕೊಡುವವರು ಯಾರು? ಅವಳ ಮನೆಗೆ ಯಾವ ಮಠ ಹೋಗಿದೆ?

ನಾನು ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ರಸ್ತೆ, ಸೇತುವೆ, ಕಟ್ಟಡಗಳ ಕೆಲಸ ಮಾಡಿ ನಿವೃತ್ತನಾದವನು. ಹುಟ್ಟಿದ್ದು ಬಯಲುಸೀಮೆ, ಕೊನೆಯ ವರ್ಷಗಳ ನೌಕರಿ ಬೆಳ್ತಂಗಡಿ ತಾಲ್ಲೂಕಿನಲ್ಲಿ. ಈಗ ಇರುವುದೂ ಧರ್ಮಸ್ಥಳದ ಸಮೀಪವೇ. ಇಲ್ಲಿಯ ಊರು ನಮ್ಮ ಕಡೆಯ ಊರಿನಂತಲ್ಲ. ನಮ್ಮಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು; ಅಗಸಿ ಬಾಗಿಲು, ಗುಡಿಕಟ್ಟೆ, ಅಲ್ಲಿ ಹರಟುವ ನಾಲ್ಕು ಜನ ಹಿರಿಯರು. ಇಲ್ಲಿ ಒಂದೊಂದು ಮನೆ ಒಂದೊಂದು ಅಡಿಕೆ ತೋಟದ ನಡುವೆ, ಒಂದೊಂದು ಗುಡ್ಡದ ಬದಿಯಲ್ಲಿ. ಕೂಗಿದರೆ ಪಕ್ಕದ ಮನೆಗೆ ಕೇಳಿಸದು. ಮಕ್ಕಳು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಗಲ್ಫಿನಲ್ಲೋ. ಮಳೆಗಾಲದಲ್ಲಿ ಅಂಗಳದಲ್ಲಿ ಪಾಚಿ ಕಟ್ಟುತ್ತದೆ. ಜಾರದಿರಲೆಂದು ಅಡಿಕೆ ಸೋಗೆ ಹಾಸುವುದು ಇಲ್ಲಿಯ ರೂಢಿ. ಆ ಸೋಗೆ ಹಾಸುವ ಕೈಯೂ ಇಲ್ಲದ ಮನೆಗಳನ್ನು ನಾನು ನೋಡಿದ್ದೇನೆ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲೂ ಈಗ ಕಟ್ಟೆ ಉಳಿದಿದೆ, ಕೂರುವವರು ಉಳಿದಿಲ್ಲ. ಮನೆಗಳು ಹತ್ತಿರವಿದ್ದರೂ ಒಳಗಿನ ಒಂಟಿತನ ಇಲ್ಲಿಯದಕ್ಕಿಂತ ಕಡಿಮೆಯಲ್ಲ.

ಇದು ನನ್ನ ಊಹೆ ಮಾತ್ರವಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು ಒಂಬತ್ತೂವರೆ. 2017-18ರಲ್ಲಿ ಕೇಂದ್ರ ಸರ್ಕಾರ ನಡೆಸಿದ ದೊಡ್ಡ ಸಮೀಕ್ಷೆಯಲ್ಲಿ ನೂರು ಹಿರಿಯರಲ್ಲಿ ಸುಮಾರು ಆರು ಜನ ಒಬ್ಬಂಟಿಗಳು, ಸುಮಾರು ಇಪ್ಪತ್ತು ಜನ ಗಂಡ-ಹೆಂಡತಿ ಇಬ್ಬರೇ ಇರುವವರು ಎಂದು ಕಂಡುಬಂತು. ಇಬ್ಬರಲ್ಲಿ ಒಬ್ಬರು ಹೋದ ದಿನ ಉಳಿದವರೂ ಒಬ್ಬಂಟಿಯೇ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಹೊಣೆ ಹೊರಲೆಂದೇ ಮಂತ್ರಿಗಳನ್ನು ನೇಮಿಸಿದವು. ನಾವು ಅಕ್ಟೋಬರ್ 1ರಂದು ಹಿರಿಯರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆಸಿ ಮನೆಗೆ ಕಳುಹಿಸುತ್ತೇವೆ. 2ನೇ ತಾರೀಖು ಅವರನ್ನು ಕೇಳುವವರಿಲ್ಲ.

ನಾನು ಹೇಳುತ್ತಿರುವುದು ವೈದ್ಯಕೀಯ ಚಿಕಿತ್ಸೆಯ ಮಾತಲ್ಲ. ಇಂಜೆಕ್ಷನ್ನಿಗೆ, ಗಾಯದ ಡ್ರೆಸ್ಸಿಂಗ್‌ಗೆ ನರ್ಸ್ ಬೇಕು. ಆದರೆ ಮುಪ್ಪಿನ ದಿನದ ಹೆಚ್ಚಿನ ಗಂಟೆಗಳಿಗೆ ಬೇಕಾಗಿರುವುದು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಬೆನ್ನಿಗೆ ನೀರು ಹಾಕುವವರು, ತಲೆ ಬಾಚುವವರು, ಜೊತೆಗೆ ಕುಳಿತು ಊಟ ಮಾಡುವವರು, ಮಾತ್ರೆ ಯಾವುದು ಬೆಳಗಿನದು ಯಾವುದು ರಾತ್ರಿಯದು ಎಂದು ಬೇರ್ಪಡಿಸಿಡುವವರು, ಬ್ಯಾಂಕಿಗೆ ಕರೆದೊಯ್ಯುವವರು, ಅಂಗಳದಲ್ಲಿ ಹತ್ತು ಹೆಜ್ಜೆ ನಡೆಸುವವರು. ಕಣ್ಣು ಮಂಜಾದವರಿಗೆ ವಚನ ಓದಿ ಹೇಳುವವರು. ಕೈ ನಡುಗುವ ಅಜ್ಜನಿಗೆ ಇಷ್ಟಲಿಂಗ ಪೂಜೆಯ ಹೊತ್ತಿಗೆ ನೀರು, ವಿಭೂತಿ, ಪತ್ರೆ ಅಣಿ ಮಾಡಿಕೊಟ್ಟು, ಕೈಗೆ ಆಸರೆಯಾಗುವವರು. ಇದಕ್ಕೆ ಪದವಿ ಬೇಕಿಲ್ಲ. ತರಬೇತಿ, ತಾಳ್ಮೆ, ನ್ಯಾಯವಾದ ಸಂಬಳ ಬೇಕು.

ಇಲ್ಲಿಗೆ ಬಂದ ಕೂಡಲೇ ಒಂದು ಮಾತು ಏಳುತ್ತದೆ: "ಹಿರಿಯರನ್ನು ನೋಡಿಕೊಳ್ಳಲು ಸಂಬಳದ ಆಳು ಇಡುವುದು ನಮ್ಮ ಸಂಸ್ಕೃತಿಯಲ್ಲ." ವೇದಿಕೆಯ ಮೇಲೆ ಈ ಮಾತಾಡುವವರ ಮನೆಯಲ್ಲಿ ತಾಯಿಯ ಬಟ್ಟೆ ಬದಲಿಸುವವರು ಯಾರು? ಸೊಸೆ, ಇಲ್ಲವೇ ಮದುವೆಯಾಗದೆ ಉಳಿದ ಮಗಳು. ಅವಳಿಗೆ ಭಾನುವಾರವಿಲ್ಲ, ತವರಿಗೆ ಹೋಗಲು ರಜೆಯಿಲ್ಲ, ಬೆನ್ನು ನೋಯುತ್ತಿದೆ ಎಂದರೆ ಕೇಳುವವರಿಲ್ಲ. ಹೆಣ್ಣಿಗೆ ಸಮಾನತೆ ಕೊಟ್ಟ ಧರ್ಮ ನಮ್ಮದೆಂದು ಭಾಷಣ ಮಾಡುವ ನಾವು, ಒಬ್ಬ ಹೆಣ್ಣಿನ ಸೊಂಟದ ಮೇಲೆ ಇಡೀ ಸಂಸ್ಕೃತಿಯನ್ನು ಹೇರಿ, ಅದನ್ನೇ ಕೌಟುಂಬಿಕ ಮೌಲ್ಯವೆಂದು ಕರೆಯುತ್ತೇವೆ. ವಾರಕ್ಕೆ ಮೂರು ದಿನ ಹೊರಗಿನವರೊಬ್ಬರು ಬಂದು ಕೈಜೋಡಿಸಿದರೆ ಮಗನ ಪ್ರೀತಿ ಕಡಿಮೆಯಾಗುವುದಿಲ್ಲ. ಸೊಸೆಗೆ ಉಸಿರಾಡಲು ಹೊತ್ತು ಸಿಗುತ್ತದೆ, ಅಷ್ಟೇ. ದೂರದಲ್ಲಿರುವ ಮಗ ಸಿಸಿಟಿವಿ ಹಾಕಿಸಿ ಮೊಬೈಲಿನಲ್ಲಿ ನೋಡುತ್ತಾನೆ. ತಾಯಿ ಬಿದ್ದದ್ದು ಕ್ಯಾಮೆರಾದಲ್ಲಿ ಕಾಣುತ್ತದೆ. ಎತ್ತಲು ಮನುಷ್ಯರೇ ಬೇಕು.

ಇನ್ನು ದಕ್ಷಿಣ ಕನ್ನಡದಲ್ಲಿ ಎಲ್ಲರ ಬಾಯಲ್ಲಿರುವ 'ಹೋಮ್ ನರ್ಸ್' ವಿಚಾರ. ಹೆಸರಿಗೆ ನರ್ಸ್, ನಾನು ಕಂಡವರಲ್ಲಿ ಹೆಚ್ಚಿನವರು ಯಾವ ತರಬೇತಿಯನ್ನೂ ಪಡೆಯದ ಬಡ ಹೆಣ್ಣುಮಕ್ಕಳು. ಹಲವರು ನಮ್ಮ ಬಯಲುಸೀಮೆಯ ಊರುಗಳಿಂದಲೇ ಬಂದವರು. ನಮ್ಮ ತಾಯಿಯವರ ಕೊನೆಯ ವರ್ಷದಲ್ಲಿ ನಾನು ಒಂದು ಏಜೆನ್ಸಿಗೆ ತಿಂಗಳಿಗೆ 24 ಸಾವಿರ ಕೊಟ್ಟೆ. ಬಂದ ಹೆಣ್ಣುಮಗಳ ಕೈಸೇರುತ್ತಿದ್ದದ್ದು 13 ಸಾವಿರ. ಇಪ್ಪತ್ತನಾಲ್ಕು ಗಂಟೆಯೂ ಕೆಲಸ, ಮಲಗಲು ಅಡಿಗೆಮನೆಯ ಮೂಲೆಯಾದರೂ ಸಾಕು ಎಂದು ಏಜೆನ್ಸಿಯವರೇ ಹೇಳಿದರು. ಮೂರು ತಿಂಗಳಲ್ಲಿ ನಾಲ್ವರು ಬದಲಾದರು. ಅವ್ವ ಒಬ್ಬೊಬ್ಬರ ಹೆಸರನ್ನೂ ಕಲಿಯುವಷ್ಟರಲ್ಲಿ ಮತ್ತೊಬ್ಬರು. ಇದು ಆ ಹೆಣ್ಣುಮಕ್ಕಳ ತಪ್ಪಲ್ಲ. ದುಡಿದವರ ಕೂಲಿಯನ್ನು ನಡುವೆ ನಿಂತವರು ತಿನ್ನುವ ವ್ಯವಸ್ಥೆಯಲ್ಲಿ ಯಾರು ನಿಲ್ಲುತ್ತಾರೆ?

ಇದಕ್ಕಿಂತ ಕಹಿಯಾದ ಮಾತೊಂದಿದೆ, ಹೇಳಲೇಬೇಕು. ನನ್ನ ಪರಿಚಯದ ಒಂದು ಲಿಂಗಾಯತ ಮನೆ. ಹಾಲಿನಲ್ಲಿ ಬಸವಣ್ಣನವರ ಆಳೆತ್ತರದ ಭಾವಚಿತ್ರ. ಹಾಸಿಗೆ ಹಿಡಿದ ತಂದೆಗೆ ಆರೈಕೆಯವರು ಬೇಕೆಂದು ಫೋನ್ ಮಾಡಿದ ಯಜಮಾನರು ಕೇಳಿದ ಮೊದಲ ಪ್ರಶ್ನೆ, "ಯಾವ ಪೈಕಿಯವರು?" ತರಬೇತಿ ಆಗಿದೆಯೇ ಎಂದು ಕೇಳಲಿಲ್ಲ. ಬಂದವಳಿಗೆ ಬೇರೆ ತಟ್ಟೆ, ಬೇರೆ ಲೋಟ. ಪೂಜೆಯ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ತಂದೆಯ ಮಲಮೂತ್ರ ಬಳಿಯಲು ಅವಳ ಕೈ ಆಗುತ್ತದೆ, ಅದೇ ತಂದೆಗೆ ಗಂಜಿ ಕಾಯಿಸಲು ಆಗುವುದಿಲ್ಲ! ಮಡಿವಾಳ ಮಾಚಯ್ಯ, ಹರಳಯ್ಯ, ನುಲಿಯ ಚಂದಯ್ಯ, ಇವರ ಹೆಸರನ್ನು ಬಸವ ಜಯಂತಿಯ ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಹಕ್ಕು ಆ ಮನೆಗಿದೆಯೇ? ಕಲ್ಯಾಣದ ಶರಣರು ಕೊಳೆ ತೊಳೆಯುವ ಕೈಯನ್ನು ಪೂಜಿಸುವ ಕೈಯ ಸರಿಸಮ ಕೂರಿಸಿದರು. ಕಾಯಕದ ನಡುವೆ ಕೊರಳ ಲಿಂಗ ಜಾರಿ ಬಿದ್ದರೂ ಚಂದಯ್ಯ ಕಾಯಕ ಬಿಡಲಿಲ್ಲ ಎಂಬ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆ ಕಥೆಗೆ ನಿಜವಾದ ಪರೀಕ್ಷೆ ಅನುಭವ ಮಂಟಪದ ಪ್ರತಿಕೃತಿಯಲ್ಲಿ ನಡೆಯುವುದಿಲ್ಲ. ಹಾಸಿಗೆ ಹಿಡಿದ ಹಿರಿಯರಿರುವ ಮನೆಯ ಅಡಿಗೆಮನೆಯಲ್ಲಿ ನಡೆಯುತ್ತದೆ.

"ಸರ್ಕಾರ ನೋಡಿಕೊಳ್ಳಲಿ" ಎನ್ನುವವರಿಗೂ ಉತ್ತರವಿದೆ. 2007ರ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಿದರೆ ಮಕ್ಕಳಿಂದ ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ 23ನೇ ಕಲಮಿನಡಿ ಹಿಂಪಡೆಯಬಹುದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಈ ಕಲಮನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದು ಹೇಳಿತು. 14567 ಸಂಖ್ಯೆಯ ಸಹಾಯವಾಣಿಯೂ ಇದೆ. ಇವೆಲ್ಲ ಪ್ರತಿ ಭಕ್ತನಿಗೂ ಗೊತ್ತಿರಬೇಕು. ಆದರೆ ಕಾನೂನು ಹಣ ಕೊಡಿಸೀತು, ಆಸ್ತಿ ಮರಳಿಸೀತು; ಸಂಜೆ ಆರು ಗಂಟೆಗೆ ಪಕ್ಕದಲ್ಲಿ ಕೂರುವ ಮನುಷ್ಯರನ್ನು ಕೊಡಿಸದು. ಮನೆ ಆರೈಕೆ ನೀಡುವ ಸಂಸ್ಥೆಗಳಿಗೆ ನೋಂದಣಿ ಬೇಕು, ತರಬೇತಾದ ಸಿಬ್ಬಂದಿ ಬೇಕು ಎಂಬ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದಿತ್ತು. ಅಂಗೀಕಾರವಾಗದೆ, 2024ರಲ್ಲಿ ಆ ಲೋಕಸಭೆಯ ಜೊತೆಗೇ ಬಿದ್ದುಹೋಯಿತು. ಮೀಸಲಾತಿಗಾಗಿ ಪಾದಯಾತ್ರೆ ಮಾಡಿದ ನಮ್ಮ ಸಮಾಜ ಆ ಮಸೂದೆಗಾಗಿ ಒಂದು ಮನವಿ ಪತ್ರವನ್ನಾದರೂ ಕೊಟ್ಟಿತೇ?

ಒಳ್ಳೆಯದು ಎಲ್ಲಿದ್ದರೂ ಕಲಿಯಬೇಕು. 1982ರಲ್ಲಿ ಇದೇ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯಲ್ಲಿ 'ವಾತ್ಸಲ್ಯ' ಎಂಬ ಕಾರ್ಯಕ್ರಮವಿದೆ. ಯಾರೂ ದಿಕ್ಕಿಲ್ಲದ ವೃದ್ಧರನ್ನು ಗುರುತಿಸಿ ಮಾಸಾಶನ ಕೊಡುತ್ತಾರೆ, ಬಟ್ಟೆ, ಪಾತ್ರೆ, ಹಾಸಿಗೆ ಒದಗಿಸುತ್ತಾರೆ, ಕೆಲವರಿಗೆ ಪುಟ್ಟ ಮನೆಯನ್ನೇ ಕಟ್ಟಿಕೊಡುತ್ತಾರೆ. ಅದರ ಗುಟ್ಟು ಹಣಕ್ಕಿಂತ ಹೆಚ್ಚಾಗಿ ಮನೆ ಬಾಗಿಲಿಗೆ ಹೋಗುವ ಕಾರ್ಯಕರ್ತರಲ್ಲಿದೆ. ಆದರೆ ಅದು ನಿರ್ಗತಿಕರಿಗೆ. ಪಿಂಚಣಿ ಇದ್ದೂ ಜನ ಇಲ್ಲದವರು ಆ ಪಟ್ಟಿಗೆ ಬರುವುದಿಲ್ಲ. ಪಕ್ಕದ ಕೇರಳದಲ್ಲಿ ಮಲಪ್ಪುರಂ ಜಿಲ್ಲೆಯ ಸಾಮಾನ್ಯ ಜನ ನೆರೆಹೊರೆಯ ಸ್ವಯಂಸೇವಕರ ಜಾಲ ಕಟ್ಟಿ ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು. 2008ರಲ್ಲಿ ಅಲ್ಲಿಯ ಸರ್ಕಾರ ಉಪಶಾಮಕ ಆರೈಕೆಗೆ ನೀತಿಯನ್ನೇ ರೂಪಿಸಿತು, ಪಂಚಾಯಿತಿಗಳು ಮನೆಭೇಟಿಯ ಹೊಣೆ ಹೊತ್ತವು. ಅಲ್ಲಿ ಸಾಧ್ಯವಾದದ್ದು ಇಷ್ಟೊಂದು ಮಠಗಳಿರುವ ನಮ್ಮ ನಾಡಿನಲ್ಲಿ ಏಕೆ ಆಗದು?

ಇಂಜಿನಿಯರ್ ಆದ್ದರಿಂದ ಎಸ್ಟಿಮೇಟ್ ಇಲ್ಲದೆ ಮಾತಾಡಲಾರೆ. ಒಬ್ಬ ಆರೈಕೆಗಾರ್ತಿ ದಿನಕ್ಕೆ ನಾಲ್ಕು ಮನೆ, ಮನೆಗೆ ಒಂದೂವರೆ ಗಂಟೆ. ವಾರಕ್ಕೆ ಆರು ದಿನ ಎಂದರೆ 24 ಭೇಟಿ. ಒಂದು ಮನೆಗೆ ವಾರಕ್ಕೆ ಮೂರು ಭೇಟಿಯಾದರೆ ಒಬ್ಬರಿಗೆ 8 ಮನೆ, ಐವರಿಗೆ 40 ಮನೆ. ಒಬ್ಬರಿಗೆ 18,000 ಸಂಬಳದಂತೆ 90,000, ಓಡಾಟಕ್ಕೆ 10,000, ತಿಂಗಳಿಗೆ ಒಟ್ಟು ಒಂದು ಲಕ್ಷ. 40 ಮನೆಗಳಲ್ಲಿ ಉಳ್ಳವರ 20 ಮನೆಗಳು ತಿಂಗಳಿಗೆ 3,500 ಕೊಟ್ಟರೆ 70,000 ಬಂತು. ಬಡವರ 20 ಮನೆ ಉಚಿತ. ಮಠ ತುಂಬಬೇಕಾದದ್ದು ತಿಂಗಳಿಗೆ 30,000, ವರ್ಷಕ್ಕೆ 3 ಲಕ್ಷ 60 ಸಾವಿರ. ಜಾತ್ರೆಯ ಶಾಮಿಯಾನ, ಧ್ವನಿವರ್ಧಕ, ಫ್ಲೆಕ್ಸ್, ಹೂವಿನ ಅಲಂಕಾರದ ಬಿಲ್ಲುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ನಮ್ಮ ಇಲಾಖೆಯಲ್ಲೊಂದು ಹಳೆಯ ರೋಗವಿತ್ತು. ಹೊಸ ಸೇತುವೆಗೆ ಹಣ ಸಿಗುತ್ತಿತ್ತು, ಇದ್ದ ಸೇತುವೆಯ ನಿರ್ವಹಣೆಗೆ ಸಿಗುತ್ತಿರಲಿಲ್ಲ. ನಿರ್ವಹಣೆಗೆ ಉದ್ಘಾಟನಾ ಫಲಕ ಇರುವುದಿಲ್ಲವಲ್ಲ. ಮಠಗಳಿಗೂ ಅದೇ ರೋಗ ತಗುಲಿದೆ. ಕಲ್ಯಾಣ ಮಂಟಪಕ್ಕೆ ದಾನಿಗಳ ಹೆಸರು ಕೆತ್ತಬಹುದು, ಮುದುಕಿಗೆ ಸ್ನಾನ ಮಾಡಿಸಿದ್ದಕ್ಕೆ ಶಿಲಾಫಲಕ ನೆಡಲಾಗದು.

"ಇದು ಮಠದ ಕೆಲಸವೇ?" ಎನ್ನುವವರು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನು ನೆನೆಯಲಿ. 1907ರ ಏಪ್ರಿಲ್ 1ರಂದು ಹುಟ್ಟಿ 2019ರ ಜನವರಿ 21ರಂದು ಲಿಂಗೈಕ್ಯರಾದ ಪೂಜ್ಯರು 111 ವರ್ಷ ಬಾಳಿದರು. ಕೊನೆಯ ದಿನಗಳಲ್ಲೂ ಸುತ್ತ ಜನರಿದ್ದರು. ಕೈ ಹಿಡಿದು ನಡೆಸುವವರಿದ್ದರು, ಪೂಜೆಗೆ ಅಣಿಮಾಡುವವರಿದ್ದರು. ಹಾಗೆ ಇರಬೇಕಾದದ್ದೇ ನ್ಯಾಯ. ಗುರುವಿಗೆ ಸಿಕ್ಕಿದ ಆ ಆಸರೆಯ ಹತ್ತರಲ್ಲೊಂದು ಪಾಲು ಭಕ್ತನ ಮನೆಯ ಮುದುಕನಿಗೂ ಸಿಗಲಿ ಎಂದು ಕೇಳುವುದು ದೊಡ್ಡ ಬೇಡಿಕೆಯೇ? ಜಂಗಮ ಎಂದರೆ ಚಲಿಸುವುದು. ಮಠದೊಳಗೆ ಕುಳಿತು ಭಕ್ತರು ಬರಲಿ ಎಂದು ಕಾಯುವುದು ಜಂಗಮವಾಗದು.

ಆದ್ದರಿಂದ ಪೂಜ್ಯ ಮಠಾಧೀಶರಲ್ಲಿ, ಬಸವ ಸಂಘಟನೆಗಳ ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ನೇರವಾಗಿದೆ. ಬರುವ ಶ್ರಾವಣದ ಪ್ರವಚನ ಆರಂಭವಾಗುವ ಮೊದಲು ಪ್ರತಿ ಮಠವೂ ತನ್ನ ಊರಿನಲ್ಲಿ ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಲಿ, ಜಾತಿ ಕೇಳದೆ. ಮಠಗಳ ನರ್ಸಿಂಗ್ ಕಾಲೇಜುಗಳಲ್ಲಿ ಮೂರು ತಿಂಗಳ ಆರೈಕೆ ತರಬೇತಿ ಶುರುವಾಗಲಿ. ಕಲಿತವರಿಗೆ ಮಠವೇ ಸಂಬಳ, ವಾರದ ರಜೆ, ವಿಮೆ ಕೊಡಲಿ, ನಡುವೆ ದಲ್ಲಾಳಿ ಬೇಡ. ಆರೈಕೆಯವರಿಗೆ ಬೇರೆ ತಟ್ಟೆ ಇಡುವ ಮನೆಗೆ ಸೇವೆಯಿಲ್ಲ ಎಂದು ಮೊದಲ ದಿನವೇ ಸಾರಲಿ. ಮಠಗಳ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಆ ಮನೆಗಳಿಗೆ ಹೋಗಿ ಬಚ್ಚಲಿಗೆ ಹಿಡಿಕಂಬಿ ಹಾಕಲಿ, ಹೊಸ್ತಿಲಿನ ಬಳಿ ಒಂದಡಿ ಏರಿಗೆ ಹನ್ನೆರಡಡಿ ಉದ್ದದ ಇಳಿಜಾರು ಕಟ್ಟಲಿ. ಬೇಕಾದರೆ ನಾನೇ ಬಂದು ನಿಂತು ಮಾಡಿಸುತ್ತೇನೆ. ಪಟ್ಟಿ ಮಾಡಿದ ಮಠ, ಮನೆಗಳ ಸಂಖ್ಯೆ, ಖರ್ಚಿನ ಲೆಕ್ಕ, ಇವಿಷ್ಟನ್ನು ಬಸವ ಜಯಂತಿಯ ಸಂಚಿಕೆಯಲ್ಲಿ ಅಚ್ಚು ಹಾಕಬೇಕೆಂದು ಸಂಪಾದಕರನ್ನು ಕೋರುತ್ತೇನೆ. ಯಾವ ಮಠ ಮಾಡಿತು, ಯಾವುದು ಮಾಡಲಿಲ್ಲ ಎಂಬುದನ್ನು ಓದುಗರೇ ನೋಡಲಿ.