ಉಳಿಯುವ ಹಕ್ಕು

ದೊಡ್ಡ ಕ್ಲಬ್ಬಿನ ಕರೆ ಬಂದರೂ ಹೋಗದೆ ಸಣ್ಣ ಊರಿನ ತಂಡದಲ್ಲೇ ಉಳಿದ ಆಟಗಾರನನ್ನು ಜನ ತ್ಯಾಗಿ ಎನ್ನುತ್ತಾರೆ. ಹೋದವನನ್ನು ದ್ರೋಹಿ ಎನ್ನುತ್ತಾರೆ. ಈ ಎರಡು ಮಾತುಗಳ ನಡುವೆ ಆಟಗಾರನಿಗೇ ಜಾಗ ಇಲ್ಲ ಎಂಬುದು ನನ್ನ ತಕರಾರು. ಉಳಿದರೂ ಹೋದರೂ ಅವನು ಅಭಿಮಾನಿಗಳ ಲೆಕ್ಕದಲ್ಲಿ ಊರಿನ ಸ್ವತ್ತು. ತನ್ನ ಬದುಕನ್ನು ತಾನೇ ಆರಿಸಿಕೊಳ್ಳಬಲ್ಲ ಮನುಷ್ಯ ಎಂದು ಯಾರೂ ಅವನನ್ನು ನೋಡುವುದಿಲ್ಲ. ಇದನ್ನು ಒರೆಗೆ ಹಚ್ಚಲು ಇಟಲಿಯ ಫುಟ್ಬಾಲ್ ಸ್ಟ್ರೈಕರ್ ಜೀಜಿ ರೀವಾ ಅವರ ಬದುಕು ತಕ್ಕದ್ದು. ಕ್ಲಬ್ ನಿಷ್ಠೆಯ ಮಾತು ಬಂದಾಗ ಅಲ್ಲಿನವರ ಬಾಯಲ್ಲಿ ಮೊದಲು ಬರುವ ಹೆಸರುಗಳಲ್ಲಿ ಅವರದೂ ಒಂದು.

ರೀವಾ ಹುಟ್ಟಿದ್ದು 1944ರಲ್ಲಿ, ಉತ್ತರ ಇಟಲಿಯ ಮಜ್ಜೋರೆ ಸರೋವರದ ಬದಿಯ ಲೆಜ್ಜೂನೊದಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ಕಾರ್ಖಾನೆಯ ಅವಘಡದಲ್ಲಿ ತೀರಿಕೊಂಡರು. ಹುಡುಗ ಪಾದ್ರಿಗಳ ವಸತಿಶಾಲೆ ಸೇರಬೇಕಾಯಿತು. ಹದಿಹರೆಯದಲ್ಲೇ ತಾಯಿಯೂ ಹೋದರು. ಲೆನ್ಯಾನೊ ತಂಡಕ್ಕೆ ಒಂದು ಋತು ಆಡಿದ ಮೇಲೆ, 1963ರಲ್ಲಿ ಸಾರ್ಡಿನಿಯಾ ದ್ವೀಪದ ಕಾಲ್ಯಾರಿ ತಂಡ ಅವರನ್ನು ಕೊಂಡುಕೊಂಡಿತು. ಅವರಿಗೆ ಹೋಗಲು ಮನಸ್ಸಿರಲಿಲ್ಲ. ಆದರೆ ಅಂದಿನ ಇಟಲಿಯಲ್ಲಿ ಆಟಗಾರನ ಮನಸ್ಸನ್ನು ಯಾರು ಕೇಳುತ್ತಿದ್ದರು? ಒಮ್ಮೆ ನೋಂದಣಿಯಾದ ಆಟಗಾರ ಕ್ಲಬ್ಬಿಗೆ ಕಟ್ಟುಬಿದ್ದವನು. ಅವನನ್ನು ಇಟ್ಟುಕೊಳ್ಳುವುದೂ ಮಾರುವುದೂ ಕ್ಲಬ್ಬಿನ ಇಷ್ಟ. ಈ ಕಟ್ಟನ್ನು ಕಾನೂನು ಬಿಚ್ಚಿದ್ದು 1981ರಲ್ಲಿ, ರೀವಾ ಆಟ ನಿಲ್ಲಿಸಿದ ಐದು ವರ್ಷಗಳ ಮೇಲೆ. ಅವರನ್ನು ನಿಷ್ಠೆಯ ಮೂರ್ತಿಯಾಗಿ ನಿಲ್ಲಿಸುವವರು ಈ ಸಂಗತಿಯನ್ನು ಮರೆಯುತ್ತಾರೆ. ಬಿಟ್ಟುಹೋಗುವ ಹಕ್ಕೇ ಇಲ್ಲದವನು ಉಳಿದರೆ ಅದನ್ನು ನಿಷ್ಠೆ ಎನ್ನಲು ಬರುವುದಿಲ್ಲ.

ಹಾಗಾದರೆ ರೀವಾ ಕತೆಯಲ್ಲಿ ನಿಷ್ಠೆ ಎಲ್ಲಿದೆ? ಕ್ಲಬ್ ಮಾರಲು ಸಿದ್ಧವಿದ್ದಾಗ ಅವರು ಒಪ್ಪಲಿಲ್ಲವಲ್ಲ, ಅಲ್ಲಿದೆ. ಟುರಿನ್ನಿನ ಜುವೆಂಟಸ್ ಅವರನ್ನು ಬಯಸಿದ್ದು ಒಂದು ಸಲ ಅಲ್ಲ. ಹಣ ದೊಡ್ಡದಿತ್ತು, ಪ್ರಶಸ್ತಿಗಳ ಭರವಸೆ ಇನ್ನೂ ದೊಡ್ಡದಿತ್ತು. ರೀವಾ ಪ್ರತಿ ಸಲವೂ ಬೇಡ ಎಂದರು. ಆಟಗಾರರನ್ನು ಸರಕಿನಂತೆ ಸಾಗಿಸುತ್ತಿದ್ದ ಕಾಲದಲ್ಲಿ ಒಬ್ಬ ಆಟಗಾರ ‘ನಾನು ಹೋಗುವುದಿಲ್ಲ’ ಎಂದರೆ ಅದು ಯಜಮಾನನಿಗೆ ತೋರಿದ ವಿಧೇಯತೆಯಲ್ಲ, ಯಜಮಾನನ ಮಾತನ್ನು ಮೀರಿದ್ದು. ನನ್ನ ಮಟ್ಟಿಗೆ ಅದು ತನ್ನ ಮೈಯ ಮೇಲೆ, ತನ್ನ ದುಡಿಮೆಯ ಮೇಲೆ ತನಗೇ ಅಧಿಕಾರ ಎಂದು ಹೇಳಿದ ಕೆಲಸಗಾರನ ಮಾತು.

ಆ ಮಾತಿಗೆ ಅಷ್ಟು ತೂಕ ಹೇಗೆ ಬಂತೆಂದು ತಿಳಿಯಬೇಕಾದರೆ ಸಾರ್ಡಿನಿಯಾವನ್ನು ನೋಡಬೇಕು. 1960ರ ದಶಕದ ಆ ದ್ವೀಪ ಕುರಿಗಾಹಿಗಳದು, ಗಣಿ ಕಾರ್ಮಿಕರದು. ಬಾರ್ಬಾಜಿಯಾದ ಬೆಟ್ಟಗಳಲ್ಲಿ ಡಕಾಯಿತಿಯೂ ಅಪಹರಣಗಳೂ ನಡೆಯುತ್ತಿದ್ದವು. ಇಟಲಿಯ ಪತ್ರಿಕೆಗಳಿಗೆ ದ್ವೀಪದ ಸುದ್ದಿ ಎಂದರೆ ಹೆಚ್ಚಾಗಿ ಅದೇ. ಸರ್ಕಾರಿ ನೌಕರನಿಗೆ ಅಲ್ಲಿಗೆ ವರ್ಗವಾದರೆ ಶಿಕ್ಷೆ ಎಂದೇ ಜನ ತಿಳಿಯುತ್ತಿದ್ದರು. ದುಡಿಯಬಲ್ಲವರು ಹಡಗು ಹತ್ತಿ ಬೆಲ್ಜಿಯಂನ ಗಣಿಗಳಿಗೆ, ಜರ್ಮನಿಗೆ, ಮಿಲಾನಿಗೆ, ಟುರಿನ್ನಿಗೆ ಹೋಗುತ್ತಿದ್ದರು. ಟುರಿನ್ನಿನಲ್ಲಿ ಅವರಿಗೆ ಕೆಲಸ ಕೊಡುತ್ತಿದ್ದ ದೊಡ್ಡ ಕಾರ್ಖಾನೆ ಫಿಯೆಟ್, ಅದರ ಒಡೆಯರು ಆನ್ಯೆಲ್ಲಿ ಕುಟುಂಬದವರು. ಜುವೆಂಟಸ್ ಕ್ಲಬ್ಬಿನ ಒಡೆಯರೂ ಅವರೇ. ದ್ವೀಪದ ತೋಳುಗಳನ್ನು ಕರೆಸಿಕೊಂಡ ಮನೆತನವೇ ಈಗ ಅದರ ಎಡಗಾಲನ್ನೂ, ಎಂದರೆ ಗೋಲು ಹೊಡೆಯುವ ರೀವಾ ಅವರ ಎಡಗಾಲನ್ನೂ ಕೇಳುತ್ತಿತ್ತು. ಉತ್ತರದಿಂದ ಬಂದ ಒಬ್ಬ ಆ ಕೇಳಿಕೆಗೆ ಇಲ್ಲ ಎಂದ. ಊರು ಬಿಟ್ಟು ಫಿಯೆಟ್ ಸೇರಿದ್ದ ಸಾರ್ಡಿನಿಯಾದವರಿಗೆ ಇದು ಬರೀ ಫುಟ್ಬಾಲ್ ಸುದ್ದಿಯಾಗಿರಲು ಸಾಧ್ಯವೇ ಇರಲಿಲ್ಲ. ಉತ್ತರದ ಮೈದಾನಗಳಲ್ಲಿ ಎದುರಾಳಿ ಅಭಿಮಾನಿಗಳು ಕಾಲ್ಯಾರಿ ತಂಡವನ್ನು ಕುರಿಗಾಹಿಗಳು, ಡಕಾಯಿತರು ಎಂದು ಹೀಯಾಳಿಸುತ್ತಿದ್ದರು. ಅದನ್ನು ಕೇಳಿ ತಮಗೆ ಸಿಟ್ಟು ಬರುತ್ತಿತ್ತೆಂದು ರೀವಾ ಮುಂದೆ ಹೇಳಿಕೊಂಡಿದ್ದಾರೆ.

ಆ ಸಿಟ್ಟಿನ ಫಲ 1969-70ರ ಲೀಗ್‌ನಲ್ಲಿ ಕಾಣುತ್ತದೆ. ಮಾನ್ಲಿಯೊ ಸ್ಕೊಪಿನ್ಯೊ ತರಬೇತಿಯಲ್ಲಿ ಕಾಲ್ಯಾರಿ 30 ಪಂದ್ಯ ಆಡಿ ಸೋತದ್ದು ಎರಡೇ, ಬಿಟ್ಟುಕೊಟ್ಟ ಗೋಲು ಕೇವಲ 11. ಹೊಡೆದ 42 ಗೋಲುಗಳಲ್ಲಿ 21 ರೀವಾ ಅವರವು, ಎಂದರೆ ಸರಿಯಾಗಿ ಅರ್ಧ. 1970ರ ಏಪ್ರಿಲ್ 12ರಂದು ಅಮ್ಸಿಕೊರಾ ಮೈದಾನದಲ್ಲಿ ಬಾರಿ ತಂಡವನ್ನು 2-0ಯಿಂದ ಸೋಲಿಸಿದಾಗ ಪಟ್ಟ ಖಚಿತವಾಯಿತು. ರೋಮಿನ ದಕ್ಷಿಣಕ್ಕಿರುವ ಯಾವ ತಂಡವೂ ಅದುವರೆಗೆ ಇಟಲಿಯ ಚಾಂಪಿಯನ್ ಆಗಿರಲಿಲ್ಲ.

ಇಲ್ಲಿಗೆ ಕತೆ ನಿಲ್ಲಿಸಿದರೆ ಕೇಳಲು ಚೆಂದ. ಆದರೆ ಆ ಗೆಲುವಿನ ಹಿಂದೆ ಬರೀ ಪ್ರೀತಿ ಇರಲಿಲ್ಲ. ಆ ವರ್ಷಗಳಲ್ಲಿ ದ್ವೀಪಕ್ಕೆ ಬಂದಿಳಿದ ಪೆಟ್ರೋಕೆಮಿಕಲ್ ಉದ್ಯಮದ ಹಣವೂ ತಂಡದ ಬೆನ್ನಿಗಿತ್ತು. ಜನಮನ ಗೆಲ್ಲುವ ತಂಡ ಉದ್ಯಮಿಗಳಿಗೂ ಬೇಕಿತ್ತು. ಉಳಿಯುವ ಮನಸ್ಸು ಆಟಗಾರನಿಗಿದ್ದರೆ ಸಾಲದು, ಅವನನ್ನು ಉಳಿಸಿಕೊಳ್ಳುವ ಶಕ್ತಿ ಊರಿಗೂ ಇರಬೇಕು. ಆ ಶಕ್ತಿ ಕುಂದಿದ ಮೇಲೆ ಉಳಿದವನು ಬೆಲೆ ತೆರುತ್ತಾನೆ. ರೀವಾ ತೆತ್ತರು. ಕಾಲ್ಯಾರಿ ಮತ್ತೆ ಚಾಂಪಿಯನ್ ಆಗಲೇ ಇಲ್ಲ. ರೀವಾ ಅವರ ಎರಡೂ ಕಾಲುಗಳು ದೇಶಕ್ಕಾಗಿ ಆಡುವಾಗ ಮುರಿದವು, ಎಡಗಾಲು 1967ರಲ್ಲಿ ಪೋರ್ಚುಗಲ್ ವಿರುದ್ಧ, ಬಲಗಾಲು 1970ರಲ್ಲಿ ಆಸ್ಟ್ರಿಯಾ ವಿರುದ್ಧ. ಎರಡನೆಯ ಪೆಟ್ಟಿನ ಜೊತೆಗೆ ಪಟ್ಟ ಉಳಿಸಿಕೊಳ್ಳುವ ಕಾಲ್ಯಾರಿಯ ಆಸೆಯೂ ಮುರಿಯಿತು. 1976ರ ಫೆಬ್ರುವರಿಯಲ್ಲಿ ಮಿಲಾನ್ ವಿರುದ್ಧ ತೊಡೆಯ ಸ್ನಾಯು ಹರಿದಾಗ ಅವರಿಗೆ 31 ವರ್ಷ. ಅಲ್ಲಿಗೆ ಆಟ ಮುಗಿಯಿತು. ಅದೇ ಋತುವಿನಲ್ಲಿ ತಂಡ ಎರಡನೇ ದರ್ಜೆಗೆ ಇಳಿಯಿತು. ದೇಶದ ಪರ 42 ಪಂದ್ಯಗಳಲ್ಲಿ 35 ಗೋಲು ಹೊಡೆದವರು, 1968ರ ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಗೋಲು ಗಳಿಸಿದವರು ಕ್ಲಬ್ ಮಟ್ಟದಲ್ಲಿ ಗೆದ್ದ ಲೀಗ್ ಪಟ್ಟ ಒಂದೇ ಒಂದು. ಇಟಲಿಯ ಪರ ಅವರಷ್ಟು ಗೋಲು ಹೊಡೆದವರು ಇಂದಿಗೂ ಇಲ್ಲ.

ಇದನ್ನೆಲ್ಲ ನಷ್ಟ ಎನ್ನಬೇಕೇ? ಪದಕ ಎಣಿಸುವವರಿಗೆ ನಷ್ಟವೇ. ಆದರೆ ಬಾಲ್ಯದಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು ವಸತಿಶಾಲೆಯಲ್ಲಿ ದಿನ ಕಳೆದವನಿಗೆ, ತನ್ನವನೆಂದು ಊಟಕ್ಕೆ ಕರೆಯುವ ಊರು ಸಿಕ್ಕಿತು. ಆಟ ಬಿಟ್ಟ ಮೇಲೂ ಅವರು ಅಲ್ಲೇ ಇದ್ದರು, ಅಲ್ಲೇ ಮಕ್ಕಳಿಗಾಗಿ ಫುಟ್ಬಾಲ್ ಶಾಲೆ ತೆರೆದರು, 2024ರ ಜನವರಿಯಲ್ಲಿ ಕೊನೆಯುಸಿರೆಳೆದದ್ದೂ ಕಾಲ್ಯಾರಿಯಲ್ಲೇ. ತನಗೆ ಬೇಕಾದ್ದನ್ನು ಹಿಡಿದುಕೊಂಡವನನ್ನು ತ್ಯಾಗಿ ಎಂದು ಕರೆದರೆ ಅವನ ಆಯ್ಕೆಯ ಹಿಂದಿದ್ದ ಸುಖವನ್ನೇ ಅಲ್ಲಗಳೆದಂತಾಗುತ್ತದೆ.

ನಾಣ್ಯದ ಇನ್ನೊಂದು ಮುಖ ಇಟಲಿಯದೇ ಆಟಗಾರ ರಾಬರ್ಟೊ ಬಾಜ್ಜೊ. 1990ರ ಮೇ ತಿಂಗಳಲ್ಲಿ ಫ್ಲಾರೆನ್ಸಿನ ಫಿಯೊರೆಂಟೀನಾ ಕ್ಲಬ್ ಅವರನ್ನು ಅದೇ ಜುವೆಂಟಸ್‌ಗೆ ದಾಖಲೆ ಬೆಲೆಗೆ ಮಾರಿತು. ಬಾಜ್ಜೊಗೆ ಹೋಗುವ ಮನಸ್ಸಿರಲಿಲ್ಲ. ಫ್ಲಾರೆನ್ಸಿನ ಬೀದಿಗಳಲ್ಲಿ ಗಲಭೆಯೆದ್ದು ಹತ್ತಾರು ಮಂದಿ ಗಾಯಗೊಂಡರು. ಮರುವರ್ಷ ಜುವೆಂಟಸ್ ಅಂಗಿ ತೊಟ್ಟು ಫ್ಲಾರೆನ್ಸಿಗೆ ಬಂದಾಗ, ತಂಡಕ್ಕೆ ಸಿಕ್ಕ ಪೆನಾಲ್ಟಿಯನ್ನು ಒದೆಯಲು ಅವರು ಒಪ್ಪಲಿಲ್ಲ. ಬದಲಿ ಆಟಗಾರನಿಗೆ ಜಾಗ ಕೊಟ್ಟು ಹೊರನಡೆಯುವಾಗ ಪ್ರೇಕ್ಷಕರು ಎಸೆದ ಫಿಯೊರೆಂಟೀನಾದ ನೇರಳೆ ಶಾಲನ್ನು ಎತ್ತಿಕೊಂಡರು. ಜುವೆಂಟಸ್ ಅಭಿಮಾನಿಗಳು ಅದನ್ನು ಸುಲಭಕ್ಕೆ ಮರೆಯಲಿಲ್ಲ. ಅವರ ಮಾರಾಟದ ಹೊತ್ತಿಗೆ ಕಾನೂನಿನ ಕಟ್ಟು ಬಿಚ್ಚಿ ಒಂಬತ್ತು ವರ್ಷ ಕಳೆದಿತ್ತು. ಆದರೂ ಹಣದ ಒತ್ತಡದ ಮುಂದೆ ಬಾಜ್ಜೊ ಬೇಡ ಎನ್ನಲಾರದೆ ಹೋದರು, ರೀವಾ ಅಂದಿದ್ದರು. ಇಬ್ಬರ ಗುಣವನ್ನು ಇದರಿಂದ ಅಳೆಯುವುದು ತಪ್ಪು. ರೀವಾ ಕಾಲ್ಯಾರಿಗೆ ಎಷ್ಟು ಅನಿವಾರ್ಯವಾಗಿದ್ದರೆಂದರೆ ಅವರನ್ನು ಬಲವಂತದಿಂದ ಕಳಿಸಿದರೆ ದ್ವೀಪವೇ ತಿರುಗಿ ಬೀಳುತ್ತಿತ್ತು. ಅಂಥ ಬಲ ಪ್ರತಿಯೊಬ್ಬ ಆಟಗಾರನಿಗೂ ಸಿಗುವುದಿಲ್ಲ.

ಆದ್ದರಿಂದಲೇ ರೀವಾ ಹೆಸರು ಹಿಡಿದು ಇಂದಿನವರನ್ನು ಚುಚ್ಚುವುದನ್ನು ನಾನು ಒಪ್ಪುವುದಿಲ್ಲ. ಅಭಿಮಾನಿಗೆ ತಂಡದ ಮೇಲೆ ಪ್ರೀತಿ ಇರುತ್ತದೆ, ಅದು ನಿಜವಾದ ಪ್ರೀತಿ, ಅದನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. ಆದರೆ ಪ್ರೀತಿಸಿದ ಮಾತ್ರಕ್ಕೆ ಇನ್ನೊಬ್ಬರ ಹತ್ತು ವರ್ಷಗಳ ದುಡಿಮೆ ಎಲ್ಲಿ ನಡೆಯಬೇಕೆಂದು ಹೇಳುವ ಅಧಿಕಾರ ಬರುವುದಿಲ್ಲ. ಸ್ಟ್ರೈಕರ್ ಒಬ್ಬನ ಒಳ್ಳೆಯ ವರ್ಷಗಳು ಹತ್ತೋ ಹನ್ನೆರಡೋ, ರೀವಾ ಅವರಂತೆ ಮೂಳೆ ಮುರಿದರೆ ಇನ್ನೂ ಕಡಿಮೆ. ಕಾಲ್ಯಾರಿಯಲ್ಲೇ ಹುಟ್ಟಿದ ನಿಕೊಲೊ ಬಾರೆಲ್ಲಾ ಚೆಂಡು ಒದೆಯಲು ಕಲಿತದ್ದು ರೀವಾ ಹೆಸರಿನ ಆ ಫುಟ್ಬಾಲ್ ಶಾಲೆಯಲ್ಲೇ. ಅವರು ಊರಿನ ತಂಡಕ್ಕೆ ಆಡಿ, 2019ರಲ್ಲಿ ಮಿಲಾನಿನ ಇಂಟರ್ ಸೇರಿದರು, ಲೀಗ್ ಗೆದ್ದರು, ಇಟಲಿಯ ಜೊತೆ ಯುರೋಪಿನ ಚಾಂಪಿಯನ್ ಆದರು. ಉತ್ತರದ ಹುಡುಗ ದ್ವೀಪದಲ್ಲಿ ನಿಂತದ್ದು ಹೇಗೆ ಅವನ ಹಕ್ಕೋ, ದ್ವೀಪದ ಹುಡುಗ ಉತ್ತರಕ್ಕೆ ಹೋದದ್ದೂ ಹಾಗೆಯೇ. ರೀವಾ ಉಳಿದದ್ದರಿಂದ ಬಾರೆಲ್ಲಾ ಮೇಲೆ ಯಾವ ಸಾಲವೂ ಹೊರಿಸಿದಂತಾಗಿಲ್ಲ.